ಹನ್ನೊಂದನೆಯ ಸಂಖ್ಯೆಯಿಂದ ಆರಂಭ: ಅನಂತ ಪೈ ಅವರ ಚಿತ್ರಕಥೆ ಮತ್ತು ನಾವು

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಾಹಿತ್ಯ ಚರಿತ್ರೆಗಳಲ್ಲಿ ಸ್ಥಾನ ಪಡೆಯದ, ಆದರೆ ಎರಡು ಮೂರು ತಲೆಮಾರಿನ ಮಕ್ಕಳ ಮನೋಲೋಕವನ್ನು ರೂಪಿಸಿದ ಲೇಖಕರೊಬ್ಬರ ಕುರಿತು ನಾಲ್ಕು ಮಾತು ಆಡಬಯಸುತ್ತೇನೆ. ಅವರು ಅನಂತ ಪೈ. 1929ರಲ್ಲಿ ಕಾರ್ಕಳದಲ್ಲಿ, ಕೊಂಕಣಿ ಮನೆಮಾತಿನ ಕುಟುಂಬದಲ್ಲಿ ಜನಿಸಿದ ಅವರು ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡರು. ಹನ್ನೆರಡರ ಪ್ರಾಯದಲ್ಲಿ ಈ ನಗರಕ್ಕೆ ಬಂದು ಮಾಹಿಮ್‌ನಲ್ಲಿ ಶಾಲೆಗೆ ಸೇರಿದರು. ದಕ್ಷಿಣ ಕನ್ನಡದಿಂದ ಬಂದವರು ಇಲ್ಲಿ ಹೋಟೆಲು, ಬ್ಯಾಂಕುಗಳಲ್ಲಿ ಹೆಸರು ಗಳಿಸಿದುದನ್ನು ನಾವು ಸಮಾರಂಭಗಳಲ್ಲಿ ಸ್ಮರಿಸುತ್ತೇವೆ. ಈ ಹೆಸರು ಮಾತ್ರ ನಮ್ಮ ಪಟ್ಟಿಯಲ್ಲಿ ಸೇರುವುದಿಲ್ಲ.

ಅವರು ಓದಿದ್ದು ವಿಜ್ಞಾನ, ಒಲಿದದ್ದು ಅಕ್ಷರ. 1954ರಲ್ಲಿ 'ಮಾನವ್' ಎಂಬ ಮಕ್ಕಳ ಪತ್ರಿಕೆಯನ್ನು ಹೊರಡಿಸಿದರು, ಅದು ಬಾಳಲಿಲ್ಲ. ಬಳಿಕ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಸೇರಿ, 1964ರಲ್ಲಿ ಫ್ಯಾಂಟಮ್ ಕಥೆಗಳೊಂದಿಗೆ ಆರಂಭವಾದ ಇಂದ್ರಜಾಲ್ ಕಾಮಿಕ್ಸ್‌ನಲ್ಲಿ ದುಡಿದರು. 1967ರಲ್ಲಿ ದೆಹಲಿಯ ಟೆಲಿವಿಷನ್ನಿನಲ್ಲಿ ಅವರೊಂದು ರಸಪ್ರಶ್ನೆ ಕಾರ್ಯಕ್ರಮವನ್ನು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರಿಸಿದ ವಿದ್ಯಾರ್ಥಿಗಳಿಗೆ ಶ್ರೀರಾಮನ ತಾಯಿಯ ಹೆಸರು ತಿಳಿಯಲಿಲ್ಲವೆಂದು ಅವರು ಅನೇಕ ಬಾರಿ ಹೇಳಿಕೊಂಡಿದ್ದರು. ಅದೇ ವರ್ಷ ಇಂಡಿಯಾ ಬುಕ್ ಹೌಸ್ ಆಶ್ರಯದಲ್ಲಿ ಅಮರ ಚಿತ್ರಕಥೆಯ ಹೊಣೆ ಹೊತ್ತರು.

ಆದರೆ ಈ ಕಥೆಗೆ ಇನ್ನೊಂದು ಆರಂಭವಿದೆ. ಅದು ಕನ್ನಡಿಗರಿಗೆ ಸೇರಿದ್ದು. ಇಂಗ್ಲಿಷಿನಲ್ಲಿ ಬಂದ ಮೊದಲ ಪೌರಾಣಿಕ ಪುಸ್ತಕ 'ಕೃಷ್ಣ'ದ ಮೇಲಿನ ಸಂಖ್ಯೆ ಹನ್ನೊಂದು. ಕಡತಗಳೊಡನೆ ಆಯುಷ್ಯ ಕಳೆದ ನನ್ನಂಥವನಿಗೆ ಕ್ರಮಸಂಖ್ಯೆ ಸುಮ್ಮನೆ ಬಂದದ್ದಲ್ಲ. ಹಾಗಿದ್ದರೆ ಒಂದರಿಂದ ಹತ್ತು ಎಲ್ಲಿ? ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಇದಕ್ಕೆ ಉತ್ತರ ಕೊಟ್ಟಿದ್ದಾರೆ: ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಕನ್ನಡದಲ್ಲಿ ಬಂದವು. ಅವು ಪಾಶ್ಚಾತ್ಯ ಕಥೆಗಳು, ನಿಜ. ಆದರೂ ಅಖಿಲ ಭಾರತ ಮಟ್ಟದ ಒಂದು ಸರಣಿಯ ಮೊದಲ ಅಕ್ಷರ ಕನ್ನಡದ್ದು! ಇದರಿಂದ ಪೈಯವರ ಹಿರಿಮೆ ಕುಗ್ಗುವುದಿಲ್ಲ. ಬೀಜ ಬಿತ್ತಿದವರು ಒಬ್ಬರು, ತೋಟ ಬೆಳೆಸಿದವರು ಇನ್ನೊಬ್ಬರು ಎನ್ನುವುದೇ ನ್ಯಾಯ.

ಆ ತೋಟದ ವಿಸ್ತಾರ ಬೆರಗು ಹುಟ್ಟಿಸುತ್ತದೆ. 400ಕ್ಕೂ ಹೆಚ್ಚು ಶೀರ್ಷಿಕೆಗಳು. ಕೃಷ್ಣದೇವರಾಯ, ತೆನಾಲಿ ರಾಮರಂಥ ನಮ್ಮವರೂ ಅದರಲ್ಲಿದ್ದಾರೆ. ಮೂವತ್ತೆರಡು ಪುಟಗಳ ಮಿತಿಯಲ್ಲಿ ಒಂದು ಜೀವನವನ್ನೋ ಪುರಾಣಪ್ರಸಂಗವನ್ನೋ ಹೇಳಬೇಕು. ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬಾರದು. ಯಕ್ಷಗಾನದ ಅರ್ಥಧಾರಿ ಬಲ್ಲ ಸಂಯಮವಿದು. 1980ರಲ್ಲಿ 'ಟಿಂಕಲ್' ಬಂದಿತು. 'ಅಂಕಲ್ ಪೈ' ಎಂದು ಮಕ್ಕಳು ಬರೆದ ಪತ್ರಗಳು ರಾಶಿರಾಶಿಯಾಗಿ ಬಂದವು. ದೂರದರ್ಶನದಲ್ಲಿ 1987ರಲ್ಲಿ ರಾಮಾಯಣ ಧಾರಾವಾಹಿ ಆರಂಭವಾಗುವಷ್ಟರಲ್ಲಿ ಚೌಕಟ್ಟಿನಿಂದ ಚೌಕಟ್ಟಿಗೆ ಸಾಗುವ ಪುರಾಣದ ರುಚಿ ಮಧ್ಯಮ ವರ್ಗದ ಮಕ್ಕಳಿಗೆ ಹತ್ತಿತ್ತು. ತಾವೂ ಆ ಮಾಧ್ಯಮದತ್ತ ಹೊರಳಿ 'ಏಕಂ ಸತ್' ಎಂಬ ವಿಡಿಯೋ ಚಿತ್ರ ನಿರ್ಮಿಸಿದರು. 2011ರ ಫೆಬ್ರವರಿ 24ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು.

ಟೀಕೆಗಳೂ ಇವೆ, ಅವನ್ನು ಮುಚ್ಚಿಡಬೇಕಾಗಿಲ್ಲ. ದೇವತೆಗಳು ಬೆಳ್ಳಗೆ, ರಾಕ್ಷಸರು ಕಪ್ಪಗೆ ಏಕೆ? ಸ್ತ್ರೀಯರ ಪಾತ್ರ ತ್ಯಾಗಕ್ಕೆ ಮೀಸಲೇ? ಜಾತಿಯ ಪ್ರಶ್ನೆ ಮೆಲ್ಲಗೆ ಜಾರಿಹೋಯಿತೇ? ವಿದ್ವಾಂಸರು ಕೇಳಿದ ಈ ಪ್ರಶ್ನೆಗಳು ಉಚಿತವಾದವು. ಬಾಲ್ಯದಲ್ಲಿ ನೋಡಿದ ಚಿತ್ರ ಮುಪ್ಪಿನವರೆಗೂ ಮನಸ್ಸಿನಲ್ಲಿ ಉಳಿಯುತ್ತದೆ. ಆದ್ದರಿಂದಲೇ ಚಿತ್ರಕಥೆಗಾರನ ಹೊಣೆ ಕಾದಂಬರಿಕಾರನ ಹೊಣೆಗಿಂತ ಹಗುರವಲ್ಲ.

ಈಗ ನಮ್ಮ ಪ್ರಶ್ನೆ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತ ಬಂದಿದೆ. ಡೊಂಬಿವಲಿಯಿಂದ ಬೊರಿವಲಿಯವರೆಗೆ ನಮ್ಮ ಮನೆಗಳಲ್ಲಿ ಕನ್ನಡ ಆಡುವ, ಆದರೆ ಓದಲಾರದ ಮಕ್ಕಳಿದ್ದಾರೆ. ಅವರ ಕೈಗೆ ಮಹಾಕಾವ್ಯ ಕೊಟ್ಟರೆ ಹೆದರುತ್ತಾರೆ; ಚಿತ್ರ ಕೊಟ್ಟರೆ ಅಕ್ಷರವನ್ನು ತಾವೇ ಹುಡುಕಿಕೊಳ್ಳುತ್ತಾರೆ. ದತ್ತಿ ಉಪನ್ಯಾಸ, ಸನ್ಮಾನ, ಶಾಲುಗಳಿಗೆ ವ್ಯಯಿಸುವ ಹಣದಲ್ಲಿ ಒಂದು ಪಾಲನ್ನು ವರ್ಷಕ್ಕೆ ಒಂದೇ ಒಂದು ಕನ್ನಡ ಚಿತ್ರಕಥಾ ಪುಸ್ತಕಕ್ಕೆ ತೆಗೆದಿಡೋಣ. ನಮ್ಮ ನಡುವೆ ಬರೆಯುವವರೂ ಇದ್ದಾರೆ, ಚಿತ್ರ ಬಿಡಿಸುವವರೂ ಇದ್ದಾರೆ. ಅದು ಇಂಗ್ಲಿಷಿನ ಅನುವಾದವಾಗದಿರಲಿ, ಈ ನಗರಕ್ಕೆ ಬಂದ ನಮ್ಮವರದೇ ಕಥೆಯಾಗಲಿ. ಕಾರ್ಕಳದ ಆ ಹುಡುಗನಿಗೆ ಮುಂಬಯಿ ಕನ್ನಡಿಗರು ಸಲ್ಲಿಸಬಹುದಾದ ಗೌರವ ಇದಕ್ಕಿಂತ ದೊಡ್ಡದಿಲ್ಲವೆಂದು ಭಾವಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.