ಮಕ್ಕಳ ಬೆಳವಣಿಗೆ: ಪಂಚಾಯತಿಯು ಗಮನಿಸಬೇಕಾದ ಅಂಶಗಳು

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ರಸ್ತೆ, ಚರಂಡಿ, ಕುಡಿಯುವ ನೀರಿನ ವಿಷಯಗಳು ನಮ್ಮ ಸಭೆಗಳಲ್ಲಿ ತಪ್ಪದೆ ಚರ್ಚೆಗೆ ಬರುತ್ತವೆ. ಮಕ್ಕಳ ಎತ್ತರದ ವಿಷಯ ಬರುವುದಿಲ್ಲ. ಮಗ ಓರಗೆಯವರಿಗಿಂತ ಗಿಡ್ಡನಾಗಿ ಉಳಿದನೆಂಬ, ಮಗಳು ಮೂರನೆಯ ತರಗತಿಯಲ್ಲಿಯೇ ದೊಡ್ಡವಳಾಗುವ ಲಕ್ಷಣ ತೋರುತ್ತಿದ್ದಾಳೆಂಬ ಆತಂಕವನ್ನು ಪೋಷಕರು ಆಶಾ ಕಾರ್ಯಕರ್ತೆಯೊಡನೆ ಮೆಲುದನಿಯಲ್ಲಿ ಮಾತ್ರ ಹೇಳಿಕೊಳ್ಳುತ್ತಾರೆ.

ಗಿಡ್ಡಗಿರುವ ಹೆಚ್ಚಿನ ಮಕ್ಕಳು ಆರೋಗ್ಯವಂತರೇ. ವಂಶಗುಣ, ಪೌಷ್ಟಿಕಾಂಶದ ಕೊರತೆ, ದೀರ್ಘಕಾಲದ ಕಾಯಿಲೆಗಳು ಇದಕ್ಕೆ ಸಾಮಾನ್ಯ ಕಾರಣಗಳು. ಕೆಲವರಲ್ಲಿ ಮಾತ್ರ ಥೈರಾಯ್ಡ್ ಅಥವಾ ಬೆಳವಣಿಗೆಯ ಹಾರ್ಮೋನಿನ ಕೊರತೆ ಇರುತ್ತದೆ. ಆ ಕೆಲವರ ಪಾಲಿಗೆ ಕಾಲವೇ ಮುಖ್ಯ. ಹುಟ್ಟಿನಿಂದ ಥೈರಾಯ್ಡ್ ಕೊರತೆಯಿರುವ ಶಿಶುವಿಗೆ ಮೊದಲ ಕೆಲವು ವಾರಗಳಲ್ಲಿಯೇ ಮಾತ್ರೆ ಆರಂಭಿಸಿದರೆ ಬುದ್ಧಿಮಾಂದ್ಯವನ್ನು ತಡೆಯಬಹುದು. ಎಲುಬಿನ ತುದಿಯ ಬೆಳೆಯುವ ಭಾಗ ಮುಚ್ಚಿಕೊಂಡ ಮೇಲೆ ಯಾವ ಔಷಧದಿಂದಲೂ ಎತ್ತರ ಹೆಚ್ಚದು. ಜಾಹೀರಾತಿನ ಪುಡಿಗಳಿಂದಂತೂ ಇಲ್ಲವೇ ಇಲ್ಲ.

ಒಂದು ಅಳತೆಯು ಮಗು ಎಲ್ಲಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಅಂತರದಲ್ಲಿ ಪಡೆದ ಎರಡು ಅಳತೆಗಳು ಬೆಳವಣಿಗೆಯ ವೇಗವನ್ನು ತಿಳಿಸುತ್ತವೆ. ನಾಲ್ಕು ವರ್ಷದಿಂದ ಪ್ರೌಢಾವಸ್ಥೆಯವರೆಗೆ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತದೆ. ಎರಡು ಸೆಂ.ಮೀ. ತಪ್ಪಾಗಿ ಅಳೆದರೆ ನಾಲ್ಕು ತಿಂಗಳ ಬೆಳವಣಿಗೆಯೇ ಲೆಕ್ಕ ತಪ್ಪುತ್ತದೆ. ಅಂಗನವಾಡಿಯಲ್ಲಿ ಬೆಳವಣಿಗೆಯ ಪಟ್ಟಿ ಇದೆ. ಆರು ವರ್ಷ ತುಂಬಿ ಶಾಲೆಗೆ ಸೇರಿದ ಮಗು ಆ ಪಟ್ಟಿಯಿಂದ ಹೊರಗುಳಿಯುತ್ತದೆ. ಸಮಸ್ಯೆ ಕಣ್ತಪ್ಪುವುದು ಇಲ್ಲಿಯೇ.

ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು:

1. ನಾಲ್ಕು ವರ್ಷದ ನಂತರ ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬೆಳವಣಿಗೆ.
2. ಹೆಣ್ಣುಮಕ್ಕಳಲ್ಲಿ 8, ಗಂಡುಮಕ್ಕಳಲ್ಲಿ 9 ವರ್ಷಕ್ಕೆ ಮೊದಲೇ ಪ್ರೌಢಾವಸ್ಥೆಯ ಚಿಹ್ನೆ. ಇಂತಹ ಮಕ್ಕಳು ಮೊದಲು ಎತ್ತರವಾಗಿ ಕಂಡರೂ ಬೇಗ ಬೆಳವಣಿಗೆ ನಿಂತು ಗಿಡ್ಡಗಾಗಬಹುದು.
3. ಹೆಣ್ಣುಮಕ್ಕಳಲ್ಲಿ 13, ಗಂಡುಮಕ್ಕಳಲ್ಲಿ 14 ವರ್ಷವಾದರೂ ಆ ಚಿಹ್ನೆ ಕಾಣದಿರುವುದು.
4. ಕತ್ತಿನ ಮುಂಭಾಗದಲ್ಲಿ ಊತ.
5. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ. ಇದು ಮಧುಮೇಹವಿರಬಹುದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಉಪ್ಪಿನ ವಿಷಯವೂ ಇದಕ್ಕೆ ಸೇರಿದ್ದೇ. ಮಳೆ ಹೆಚ್ಚಿರುವ ಗುಡ್ಡಗಾಡು ನೆಲದಲ್ಲಿ ಅಯೋಡಿನ್ ಕೊಚ್ಚಿಹೋಗುತ್ತದೆ. ಥೈರಾಯ್ಡ್ ಗ್ರಂಥಿಗೆ ಬೇಕಾದುದು ಅದೇ. ಮನೆಗೆ ತಲುಪುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು. ತೆರೆದ ಚೀಲದ ಹರಳುಪ್ಪಿನ ಬದಲು ಅಯೋಡಿನ್‌ಯುಕ್ತ ಉಪ್ಪನ್ನು ಕೊಂಡು, ಒಲೆಯಿಂದ ದೂರ, ಮುಚ್ಚಳವಿರುವ ಡಬ್ಬಿಯಲ್ಲಿಡುವಂತೆ ಜನರಿಗೆ ತಿಳಿಸಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಇದೆ. ಅದರ ವೈದ್ಯಕೀಯ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರಬೇಕು. ಶಿರಾಳಕೊಪ್ಪದಿಂದಾಗಲಿ ಆನವಟ್ಟಿಯಿಂದಾಗಲಿ ಶಿವಮೊಗ್ಗಕ್ಕೆ ಹೋಗಿಬಂದರೆ ಕೂಲಿಕಾರ ಕುಟುಂಬಕ್ಕೆ ಒಂದು ದಿನದ ದುಡಿಮೆ ಹೋಯಿತು. ಆದ್ದರಿಂದ ತಂಡ ಊರಿಗೆ ಬಂದ ದಿನ ಯಾವ ಮಗುವೂ ಗೈರುಹಾಜರಾಗದಂತೆ ನೋಡಿಕೊಳ್ಳುವುದೇ ನಾವು ಮಾಡಬಹುದಾದ ದೊಡ್ಡ ಉಪಕಾರ.

ಸಾರ್ವಜನಿಕ ಆರೋಗ್ಯವು ಪಂಚಾಯತಿಯ ಕಾರ್ಯವ್ಯಾಪ್ತಿಗೆ ಸೇರಿದೆ. ತಾವು ಮಾಡಬಹುದಾದ ಕೆಲಸಗಳು ಮೂರು. ಪ್ರತಿ ಅಂಗನವಾಡಿ ಹಾಗೂ ಶಾಲೆಯಲ್ಲಿ ಸರಿಯಾದ ಎತ್ತರಮಾಪಕ ಇದೆಯೇ ಎಂದು ಪರಿಶೀಲಿಸುವುದು. ಜೂನ್ ಮತ್ತು ಡಿಸೆಂಬರ್‌ನಲ್ಲಿ ಶಾಲಾ ಮಕ್ಕಳ ಎತ್ತರ, ತೂಕ ದಾಖಲಿಸುವಂತೆ ಮುಖ್ಯೋಪಾಧ್ಯಾಯರನ್ನು ಕೋರುವುದು. ವೈದ್ಯರು ಮುಂದಿನ ಆಸ್ಪತ್ರೆಗೆ ಕಳುಹಿಸಿದ ಮಗು ಅಲ್ಲಿಗೆ ತಲುಪಿತೇ ಎಂದು ಆಶಾ ಕಾರ್ಯಕರ್ತೆಯಿಂದ ವಿಚಾರಿಸುವುದು. ಸಭೆಯಲ್ಲಿ ಸಂಖ್ಯೆಗಳು ಮಾತ್ರ ಬರಲಿ. ಮಗುವಿನ ಹೆಸರು ಎಂದಿಗೂ ಬರಬಾರದು. ಹೆಸರು ಬಯಲಾದರೆ ಮುಂದಿನ ತಾಯಿ ಬಾಯಿ ತೆರೆಯುವುದಿಲ್ಲ.

ಬಿರುಕು ಬಿಟ್ಟ ಚರಂಡಿಯನ್ನು ಮುಂದಿನ ವರ್ಷದ ಕ್ರಿಯಾಯೋಜನೆಗೆ ಸೇರಿಸಬಹುದು. ಮಗುವಿನ ಬೆಳವಣಿಗೆಯ ವರ್ಷಗಳನ್ನು ಮುಂದೂಡಲಾಗದು. ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.