ಬಲ ಕುಂದಿದ ಕೈಗೂ ಯಂತ್ರ ಒಗ್ಗಲಿ

(ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ. ಭಾಷಣ ಮಾಡಿ ರೂಢಿಯಿಲ್ಲ. ಗದ್ದೆಯಲ್ಲಿ ಕಂಡದ್ದನ್ನು, ನನ್ನ ಕೈಗೆ ಆದದ್ದನ್ನು ಹೇಳುತ್ತೇನೆ.

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ನಾವು ಸಭೆ ಸಭೆಯಲ್ಲೂ ನೆನೆಯುತ್ತೇವೆ. ಒಬ್ಬನ ಕೈಲಿ ಆಗದ್ದನ್ನು ಹತ್ತು ಜನ ಸೇರಿ ಮಾಡೋದೇ ಸಹಕಾರ. ಮೊನ್ನೆ ನಮ್ಮ ಸಂಘದ ಪವರ್ ಟಿಲ್ಲರ್ ಬಾಡಿಗೆ ಪುಸ್ತಕ ತಿರುವಿ ಹಾಕಿದೆ. ಹಣ ಕಟ್ಟಿದವರಲ್ಲಿ ಹೆಂಗಸರಿದ್ದಾರೆ, ಅರವತ್ತು ದಾಟಿದವರಿದ್ದಾರೆ. ಟಿಲ್ಲರ್ ಹೊಡೆದವರು ಮಾತ್ರ ಅದೇ ಮೂರು ನಾಲ್ಕು ಹುಡುಗರು. ಆ ಹುಡುಗರು ಬರುವವರೆಗೆ ಉಳಿದವರ ಗದ್ದೆ ಕಾಯಬೇಕು. ಮಳೆ ಕಾಯುತ್ತದೆಯೇ?

ಮೂರು ವರ್ಷದ ಹಿಂದೆ ನಾನೂ ಹೀಗೆ ಕಾದವನೇ. ತೋಟದ ಸಂಕ ದಾಟುವಾಗ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಹಿಡಿತ ಬರಲಿಲ್ಲ. ತಾವೆಲ್ಲ ಬಲ್ಲಿರಿ, ಟಿಲ್ಲರ್ ಎಡಕ್ಕೆ ತಿರುಗಬೇಕಾದರೆ ಎಡ ಹ್ಯಾಂಡಲ್ ಕೆಳಗಿನ ಕ್ಲಚ್ ಲಿವರ್ ಹಿಸುಕಬೇಕು. ನನ್ನ ಬೆರಳಿಗೆ ಅದು ಆಗದು. ಟಿಲ್ಲರ್ ಮಾರಿಬಿಡೋಣ ಅಂದುಕೊಂಡಿದ್ದೆ. ಆಗ ನನ್ನ ಮನೆಯವಳು ಕೇಳಿದಳು: "ಕಮ್ಮಾರನ ಹತ್ತಿರ ಕೈಗೆ ತಕ್ಕ ಕತ್ತಿ ಮಾಡಿಸ್ತೀರಿ. ಕೈಗೆ ತಕ್ಕ ಲಿವರ್ ಯಾಕೆ ಮಾಡಿಸಬಾರದು?"

ಆ ಮಾತು ನಾಟಿತು. ಆದರೆ ಅವಸರ ಮಾಡಿದೆ. ವೆಲ್ಡಿಂಗ್ ಶಾಪಿಗೆ ಹೋಗಿ ಲಿವರಿಗೆ ಉದ್ದದ ಪಟ್ಟಿ ಬೆಸೆಸಿಕೊಂಡು ಬಂದೆ. ಹಿಸುಕಲು ಹಗುರವಾಯಿತು ನಿಜ. ಆದರೆ ಕ್ಲಚ್ ಪೂರ್ತಿ ಬಿಡುವ ಮೊದಲೇ ಲಿವರಿನ ತುದಿ ಹ್ಯಾಂಡಲ್ಲಿಗೆ ತಾಗಿ ನಿಂತಿತು. ಟಿಲ್ಲರ್ ತಿರುಗಲಿಲ್ಲ, ನೇರ ಬದು ಹತ್ತಿತು. ದೇವರ ದಯೆ, ಮುಂದೆ ಯಾರೂ ಇರಲಿಲ್ಲ.

ತಪ್ಪು ಎಲ್ಲಿ? ಕಲ್ಲು ಎಬ್ಬಿಸಲು ಹಾರೆಯಿಂದ ಸನ್ನೆ ಹಾಕುತ್ತೇವಲ್ಲ, ಹಾರೆ ಉದ್ದವಾದಷ್ಟು ಕಲ್ಲು ಹಗುರ. ಆದರೆ ಕೈ ಅಷ್ಟೇ ಹೆಚ್ಚು ದೂರ ಸರಿಯಬೇಕು. ಲಿವರಿನ ಲೆಕ್ಕವೂ ಅದೇ. ತಿರುಗುಣಿಯಿಂದ 4 ಅಂಗುಲ ದೂರ ಹಿಡಿಯುವುದನ್ನು 8 ಅಂಗುಲಕ್ಕೆ ಒಯ್ದರೆ ಬಲ ಅರ್ಧ ಸಾಕು, ಆದರೆ ಎರಡರಷ್ಟು ದೂರ ಎಳೆಯಬೇಕು. ಅಷ್ಟು ಜಾಗ ಇದೆಯೋ, ಬೆರಳು ಅಷ್ಟು ಚಾಚುತ್ತದೆಯೋ ಮೊದಲು ನೋಡಬೇಕು.

ಆಮೇಲೆ ಮೆಕ್ಯಾನಿಕ್ ಬಂದು ಕ್ಲಚ್ ವೈರ್ ಬಿಚ್ಚಿದ. ಒಳಗೆ ತುಕ್ಕು, ಒಂದು ಕಡೆ ಮುರುಟಿ ಬಗ್ಗಿತ್ತು. ಹೊಸ ವೈರ್ ಹಾಕಿ, ಎಣ್ಣೆ ಬಿಟ್ಟು, ಸಡಿಲ ಸರಿಮಾಡಿದ ಮೇಲೆ ಬಿಗಿತ ಬಹುಪಾಲು ಹೋಯಿತು. ಬೆಸೆದ ಪಟ್ಟಿ ತೆಗೆಸಿ, 4 ಅಂಗುಲದ್ದನ್ನು 6 ಅಂಗುಲ ಮಾತ್ರ ಮಾಡಿ, ಕ್ಲಾಂಪ್ ಹಾಕಿ ಬೋಲ್ಟ್ ಬಿಗಿಸಿದ. ಮೊದಲು ಎಂಜಿನ್ ನಿಲ್ಲಿಸಿ, ಆಮೇಲೆ ಖಾಲಿ ಗದ್ದೆಯಲ್ಲಿ ನಿಧಾನವಾಗಿ ಪರೀಕ್ಷೆ ಮಾಡಿದೆವು. ಈಗ ನನ್ನ ಗದ್ದೆ ನಾನೇ ಹೊಡೆಯುತ್ತೇನೆ.

ಆದ್ದರಿಂದ ಬಂಧುಗಳೇ, ಲಿವರ್ ಬಿಗಿ ಎಂದರೆ ಮೊದಲು ವೈರ್, ಎಣ್ಣೆ, ತುಕ್ಕು ನೋಡಿ. ಉದ್ದ ಮಾಡುವುದು ಆಮೇಲೆ. ಹಿಡಿ ಜಾರುತ್ತಿದ್ದರೆ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿ. ಜಾರದ ಹಿಡಿಗೆ ಕಡಿಮೆ ಬಲ ಸಾಕು. ಹ್ಯಾಂಡಲ್ ಎತ್ತರ ಬದಲಾಯಿಸಲು ಬರುವಂತಿದ್ದರೆ ಹೊಡೆಯುವವರ ಆಳಿಗೆ ತಕ್ಕಂತೆ ಇಡಿ. ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡುವ ಡೀಸೆಲ್ ಎಂಜಿನ್ ಹಿಂದಕ್ಕೆ ಒದ್ದರೆ ಗಟ್ಟಿಮುಟ್ಟಾದವರ ಕೈಯೂ ಉಳಿಯದು. ಹೆಬ್ಬೆರಳನ್ನು ಉಳಿದ ಬೆರಳಿನ ಕಡೆಗೇ ಇಟ್ಟು ಹಿಡಿಯಬೇಕು. ಬಲವಿಲ್ಲದವರಿಗೆ ಬ್ಯಾಟರಿ ಸ್ಟಾರ್ಟ್ ಇರುವ ಯಂತ್ರವೇ ಸರಿ.

ಕೆಲವನ್ನು ಖಂಡಿತ ಮಾಡಬೇಡಿ. ಕೆಲವು ಕಳೆ ತೆಗೆಯುವ ಯಂತ್ರದಲ್ಲಿ ಲಿವರ್ ಹಿಡಿದಿದ್ದರೆ ಮಾತ್ರ ಬ್ಲೇಡ್ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕೈ ಸೋಲುತ್ತದೆಂದು ಅದನ್ನು ಹಗ್ಗದಲ್ಲಿ ಕಟ್ಟಿಡುವವರನ್ನು ನೋಡಿದ್ದೇನೆ. ಕಾಲು ಜಾರಿ ಬಿದ್ದಾಗ ಜೀವ ಉಳಿಸುವುದೇ ಆ ಲಿವರ್. ಕೈ ಸೋತರೆ ಯಂತ್ರ ನಿಲ್ಲಿಸಿ ಕೂತುಕೊಳ್ಳಿ, ಕಟ್ಟಬೇಡಿ. ಕಡಿದಾದ ಇಳಿಜಾರಿನಲ್ಲಿ ಟಿಲ್ಲರಿನ ಎಡ ಕ್ಲಚ್ ಹಿಡಿದರೆ ಅದು ಬಲಕ್ಕೂ ಹೊರಳಬಹುದು. ಹಿಡಿತ ಕಡಿಮೆ ಇರುವವರು ಅಂಥ ಜಾಗಕ್ಕೆ ಇಳಿಯುವುದೇ ಬೇಡ. ಟ್ರ್ಯಾಕ್ಟರಿನ ಬ್ರೇಕು, ಸ್ಟೇರಿಂಗಿಗೆ ಊರಿನ ವೆಲ್ಡಿಂಗ್ ಕೈ ಹಾಕುವುದು ಬೇಡವೇ ಬೇಡ.

ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ಕೃಷಿ ಮಹಿಳೆಯರ ಮೈಯಳತೆ, ಬಲ ನೋಡಿ ಉಪಕರಣ ರೂಪಿಸಿದ್ದಾರೆ. ನಾವು ಅಷ್ಟು ದೂರ ಹೋಗಬೇಕಿಲ್ಲ. ಸಂಘದ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಒಂದು, ಬಾಡಿಗೆ ಯಂತ್ರಗಳ ವೈರು, ಲಿವರನ್ನು ತಿಂಗಳಿಗೊಮ್ಮೆ ನೋಡಿ ಎಣ್ಣೆ ಬಿಡಿಸಬೇಕು. ಎರಡು, "ಲಿವರ್ ಬಿಗಿ" ಎಂದು ಯಾರೇ ಹೇಳಲಿ, ನಗದೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಮೂರು, ಮುಂದೆ ಯಂತ್ರ ಕೊಳ್ಳುವಾಗ ನಿರ್ದೇಶಕರು ಸಹಿ ಹಾಕುವ ಮೊದಲು ನಮ್ಮಲ್ಲಿ ಒಬ್ಬ ತಾಯಿ, ಒಬ್ಬ ಹಿರಿಯರು ಅದನ್ನು ಸ್ಟಾರ್ಟ್ ಮಾಡಿ, ಲಿವರ್ ಹಿಸುಕಿ, ತಿರುಗಿಸಿ ನೋಡಬೇಕು. ಅವರ ಕೈಗೆ ಒಗ್ಗಿದ್ದು ಎಲ್ಲರ ಕೈಗೂ ಒಗ್ಗುತ್ತದೆ.

ಇಪ್ಪತ್ತೈದು ವರ್ಷ ನಮ್ಮ ಸಂಘ ಬಲವಿಲ್ಲದವರ ಕೈ ಹಿಡಿದಿದೆ. ಇನ್ನು ಮುಂದೆ ಸಂಘದ ಯಂತ್ರವನ್ನೂ ಅವರ ಕೈಗೆ ಕೊಡೋಣ.