ಇಬ್ಬರೂ ಕುಳಿತು ಆಡಬೇಕಾದ ಮಾತು



ಸಂತಾನ ನಿಯಂತ್ರಣದ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರವು ಇದಕ್ಕೆಂದು ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಗಿತ್ತು. ಇಂದು ವಂಕಿ, ಮಾತ್ರೆ, ನಿರೋಧ್‌ಗಳ ಹೆಸರನ್ನೇ ಕೇಳದ ಗೃಹಿಣಿ ಹಳ್ಳಿಯಲ್ಲಿಯೂ ವಿರಳ. ಆದರೂ ಬೇಡದ ಬಸಿರನ್ನು ಹೊರುವವರು ನಮ್ಮ ನಡುವೆ ಇದ್ದಾರೆ. ತಿಳಿದಿದ್ದೂ ಬಳಸದಿರಲು ಕಾರಣವೇನು?

ಎಳೆಯ ವಯಸ್ಸಿನ ವಿವಾಹ, ಓದಿನ ಕೊರತೆ, ಆಸ್ಪತ್ರೆಯ ದೂರ, ಗಂಡುಮಗುವಿನ ಹಂಬಲ, ಇವೆಲ್ಲವೂ ಕಾರಣಗಳೇ. ಆದರೆ ಇನ್ನೊಂದು ಕಾರಣ ಮನೆಯೊಳಗೇ ಇದೆ. ಬೆಳೆ, ಸಾಲ, ದನಕರುಗಳ ಬಗೆಗೆ ಮಾತನಾಡುವ ಪತಿಪತ್ನಿಯರು ಮುಂದಿನ ಮಗು ಯಾವಾಗ ಎಂಬುದನ್ನು ಮಾತ್ರ ಆಡುವುದೇ ಇಲ್ಲ. ಅದು ಹೆಂಗಸರ ವಿಷಯವೆಂದು ಆತ ಸುಮ್ಮನಿರುತ್ತಾನೆ. ಏನೆಂದುಕೊಳ್ಳುವರೋ ಎಂದು ಆಕೆ ಅಂಜುತ್ತಾಳೆ. ಕೊನೆಗೆ ಅತ್ತೆಯ ಮಾತೇ ತೀರ್ಮಾನವಾಗುತ್ತದೆ. ಮಾತ್ರೆಯನ್ನು ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟು ನುಂಗುವ ಸೊಸೆಯರೂ ಉಂಟು. ಬಚ್ಚಿಟ್ಟ ಮಾತ್ರೆ ಒಂದು ದಿನವಲ್ಲ ಒಂದು ದಿನ ತಪ್ಪುತ್ತದೆ; ತಲೆ ಸುತ್ತಿದರೂ ಯಾರೊಡನೆ ಹೇಳಿಕೊಳ್ಳುವುದು?

ಮೌನವಿದ್ದೆಡೆ ಗಾಳಿಮಾತು ಬೆಳೆಯುತ್ತದೆ. ವಂಕಿಯು ಎದೆಗೇರುತ್ತದೆಂಬುದು ಸುಳ್ಳು. ಅದು ಇರುವುದು ಗರ್ಭಕೋಶದಲ್ಲಿ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ನೋವು ಹೆಚ್ಚಬಹುದೆಂಬುದು ನಿಜ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿನಿಂದ ಮುಟ್ಟು ಏರುಪೇರಾಗಬಹುದು, ನಿಲ್ಲಲೂಬಹುದು. ಅದರಿಂದ ಒಳಗೆ ಕೆಟ್ಟ ರಕ್ತ ಸೇರುವುದಿಲ್ಲ. ಚುಚ್ಚುಮದ್ದು ಬಿಟ್ಟ ಬಳಿಕ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುತ್ತದೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ಮಾಲಾ-ಎನ್ ತಕ್ಕುದಲ್ಲ. ಛಾಯಾ ಮಾತ್ರೆ ಆಗಬಹುದು. ಇವನ್ನು ಮುಂಚಿತವಾಗಿ ತಿಳಿಸದಿದ್ದರೆ ಆಕೆ ಹೆದರಿ ಅರ್ಧಕ್ಕೇ ಬಿಡುತ್ತಾಳೆ. ಆದ್ದರಿಂದ ಕೇಳಿಯೇ ತಿಳಿಯಿರಿ. ಕೇಳಲು ಸಂಕೋಚ ಬೇಡ.

ಇನ್ನು ಪುರುಷರಿಗೆ ಒಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಂದಿರು ಮಾಡಿಸಿಕೊಂಡದ್ದು ನೂರಕ್ಕೆ ಒಬ್ಬರೂ ಇಲ್ಲ! ಸ್ತ್ರೀಗೆ ಹೊಟ್ಟೆಯನ್ನು ಕೊಯ್ಯಬೇಕು. ಪುರುಷರಿಗೆ ಹೊಲಿಗೆಯೂ ಇಲ್ಲದ, ಕೆಲವೇ ನಿಮಿಷಗಳ ಕೆಲಸ. ಅಂದೇ ಮನೆಗೆ ನಡೆದು ಹೋಗಬಹುದು. ಪುರುಷತ್ವಕ್ಕೆ ಇದರಿಂದ ಕುಂದಿಲ್ಲ. ಗಾಯ ಮಾಗಿದ ಮೇಲೆ ನೇಗಿಲು ಹಿಡಿಯಲೂ ಅಡ್ಡಿಯಿಲ್ಲ. ಬಸಿರು, ಹೆರಿಗೆ, ಬಾಣಂತನಗಳೆಲ್ಲವನ್ನೂ ಹೊತ್ತವಳ ಮೇಲೆಯೇ ಇದನ್ನೂ ಹೊರಿಸುವುದು ನ್ಯಾಯವೆ?

ಇಂದು ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತು ಮಾತನಾಡಿರಿ. ಆಶಾ ಕಾರ್ಯಕರ್ತೆಯನ್ನಾಗಲಿ, ಉಪಕೇಂದ್ರದ ಆರೋಗ್ಯ ಸಹಾಯಕಿಯನ್ನಾಗಲಿ ಜೊತೆಯಾಗಿಯೇ ಕಾಣಿರಿ. ಪುರುಷರ ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳವರೆಗೆ ನಿರೋಧ್ ಬಳಸುವುದು ಅವಶ್ಯ; ಬಳಿಕ ವೀರ್ಯ ಪರೀಕ್ಷೆ ಮಾಡಿಸಿ, ವೈದ್ಯರು ಸರಿಯೆಂದ ಮೇಲಷ್ಟೇ ಅದನ್ನು ನಿಲ್ಲಿಸಬಹುದು.